ಗಂಡು ಹುಟ್ಟದ ನೊಣ, ಊರು ಬಿಟ್ಟ ವಿಜ್ಞಾನಿ

ಮೇ ತಿಂಗಳಲ್ಲಿ ನರಿಮೊಗರಿನ ಯಾವ ಮನೆಗೆ ಹೋದರೂ ಜಗಲಿಯ ಮೂಲೆಯಲ್ಲೊಂದು ಹಲಸಿನ ಹಣ್ಣು ಇರುತ್ತದೆ. ಬಕ್ಕೆಯಾದರೆ ಸೊಳೆ ಬಿಡಿಸಿ ಅವತ್ತೇ ತಿಂದು ಮುಗಿಸುತ್ತೇವೆ. ತುಳುವೆಯಾದರೆ ಕೇಳುವವರಿಲ್ಲ. ಎರಡು ದಿನದಲ್ಲಿ ಹುಳಿ ವಾಸನೆ ಶುರು, ಮೂರನೇ ದಿನ ಅದರ ಮೇಲೊಂದು ನುಸಿಯ ಮೋಡ. ಎಳ್ಳಿನಷ್ಟು ಗಾತ್ರದ, ಕೆಂಪು ಕಣ್ಣಿನ ಆ ಹಣ್ಣಿನ ನೊಣಗಳನ್ನು ಕೈಬೀಸಿ ಓಡಿಸುವುದು ಬಿಟ್ಟರೆ ಅವುಗಳ ಜತೆ ನನಗೆ ಬೇರೆ ವ್ಯವಹಾರ ಇರಲಿಲ್ಲ. ವಿಜ್ಞಾನಿಗಳು ಅವುಗಳನ್ನು ಡ್ರೊಸೊಫಿಲಾ ಅನ್ನುತ್ತಾರೆ ಎಂಬುದು ಪಿಯುಸಿ ಪಠ್ಯದಿಂದ ನೆನಪಿತ್ತು, ಅಷ್ಟೇ. ಇಂಜಿನಿಯರಿಂಗ್ ಸೀಟು ಸಿಕ್ಕ ದಿನವೇ ಬಯಾಲಜಿ ಪುಸ್ತಕ ಅಟ್ಟಕ್ಕೆ ಹೋಗಿತ್ತು.

ಕಳೆದ ಬೇಸಿಗೆಯಲ್ಲಿ ನಮ್ಮ ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮದುವೆಯ ವಿಚಾರಕ್ಕೆ ಜಗಳವಾಯಿತು. ಹುಡುಗಿ ಜಾತಿ ಬಿಟ್ಟು ಮದುವೆಯಾಗಿದ್ದಳು. ಸಂಪ್ರದಾಯ, ಮರ್ಯಾದೆ ಎಂಬ ಮಾತುಗಳೆಲ್ಲ ಬಂದುಹೋದ ಮೇಲೆ ಒಬ್ಬರು ಹಿರಿಯರು ವಿಜ್ಞಾನವನ್ನು ತಂದರು. ತಲೆತಲಾಂತರದಿಂದ ಬಂದ ಗುಣಗಳು ಜೀನ್‌ನಲ್ಲಿರುತ್ತವೆ, ಒಂದೊಂದು ಜಾತಿಗೆ ಒಂದೊಂದು ಗುಣ, ಬೆರೆತರೆ ಎರಡೂ ಕೆಡುತ್ತವೆ, ಇದನ್ನು ಈಗ ವಿಜ್ಞಾನವೂ ಒಪ್ಪಿದೆ ಎಂಬುದು ಅವರ ವಾದ. ನಾನು ಏನೋ ಖಾರವಾಗಿ ಬರೆದೆ. ಆದರೆ ಬರೆದದ್ದರಲ್ಲಿ ಸಿಟ್ಟಿತ್ತೇ ಹೊರತು ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಎಂಬ ಮನುಷ್ಯ. ಇಪ್ಪತ್ತನೇ ಶತಮಾನದಲ್ಲಿ ಡಾರ್ವಿನ್ನನ ವಿಕಾಸವಾದಕ್ಕೂ ಮೆಂಡೆಲನ ತಳಿವಿಜ್ಞಾನಕ್ಕೂ ಗಂಟು ಹಾಕಿದ ದೊಡ್ಡವರಲ್ಲಿ ಒಬ್ಬರು. ಹೆಚ್ಚುಕಡಿಮೆ ಐವತ್ತು ವರ್ಷ ಅವರು ನೋಡಿದ್ದು ಇದೇ ನುಸಿಯನ್ನು. ಯಾವ ನೊಣ ಯಾವ ನೊಣವನ್ನು ಕೂಡುತ್ತದೆ, ಕೂಡಿದರೆ ಮಕ್ಕಳಾಗುತ್ತವೆಯೇ, ಆದ ಮಕ್ಕಳಿಗೆ ಮಕ್ಕಳಾಗುತ್ತವೆಯೇ ಎಂಬುದೇ ಅವರ ಕೆಲಸ. ಅಂದರೆ ನಮ್ಮ ಗುಂಪಿನ ಜಗಳದ ವಿಷಯವೇ.

ಹರಕೆಯ ಮಗ

ಡೊಬ್ಜಾನ್ಸ್ಕಿ ಹುಟ್ಟಿದ್ದು 1900ರ ಜನವರಿ 25ರಂದು, ನೆಮಿರಿವ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ರಷ್ಯನ್ ಸಾಮ್ರಾಜ್ಯ, ಈಗ ಉಕ್ರೇನ್. ಅಪ್ಪ ಗಣಿತದ ಮೇಷ್ಟ್ರು. ಬಹಳ ಕಾಲ ಮಕ್ಕಳಾಗದ ದಂಪತಿ ಸಂತ ಥಿಯೊಡೋಸಿಯಸ್‌ನಲ್ಲಿ ಬೇಡಿಕೊಂಡು ಪಡೆದ ಒಬ್ಬನೇ ಮಗ, ಹಾಗಾಗಿ ಆ ಹೆಸರು. ಕುಕ್ಕೆಗೆ ಹರಕೆ ಹೊತ್ತು ಹುಟ್ಟಿದ ಸುಬ್ರಾಯ, ಸುಬ್ಬಣ್ಣಂದಿರನ್ನು ಕಂಡ ನಮಗೆ ಇದು ಹೊಸತೇನಲ್ಲ. 1910ರಲ್ಲಿ ಕುಟುಂಬ ಕೀವ್ ನಗರದ ಕಡೆಗೆ ಬಂತು. ಹುಡುಗ ಮೊದಲು ಚಿಟ್ಟೆ ಹಿಡಿದ, ಆಮೇಲೆ ಬೆನ್ನ ಮೇಲೆ ಚುಕ್ಕೆಗಳಿರುವ ಗುಲಗಂಜಿ ಹುಳಗಳ ಹಿಂದೆ ಬಿದ್ದ. ಹದಿನೆಂಟಕ್ಕೆಲ್ಲ ಮೊದಲ ಪ್ರಬಂಧ ಅಚ್ಚಾಯಿತು. ಒಂದೇ ಜಾತಿಯ ಹುಳದಲ್ಲಿ ಊರಿಂದೂರಿಗೆ ಚುಕ್ಕೆ ಬದಲಾಗುವುದೇಕೆ ಎಂಬ ಪ್ರಶ್ನೆ ಆಗಿನಿಂದಲೂ ಅವರ ಜತೆಗಿತ್ತು.

ಆ ಹದಿಹರೆಯ ಎಂಥ ಕಾಲದಲ್ಲಿ ಕಳೆಯಿತು ಎಂಬುದನ್ನು ನೋಡಬೇಕು. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ. 1917ರಿಂದ 1920ರ ನಡುವೆ ಕೀವ್ ನಗರ ಎಷ್ಟೋ ಬಾರಿ ಕೈ ಬದಲಾಯಿಸಿತು. ಹಸಿವು, ಜ್ವರ, ಗುಂಡಿನ ಸದ್ದು. ಅಪ್ಪ ಮೊದಲು ತೀರಿಕೊಂಡರು, 1920ರಲ್ಲಿ ಅಮ್ಮ. 1921ರಲ್ಲಿ ಪದವಿ ಮುಗಿಯಿತು. ಮರುವರ್ಷ ಅಮೆರಿಕದ ಹರ್ಮನ್ ಮುಲ್ಲರ್ ಸೋವಿಯತ್ ದೇಶಕ್ಕೆ ಬರುವಾಗ ಡ್ರೊಸೊಫಿಲಾ ನೊಣಗಳ ತಳಿಗಳನ್ನು ತಂದು ಕೊಟ್ಟರು. ಆ ನೊಣಗಳು ಡೊಬ್ಜಾನ್ಸ್ಕಿಯ ಕೈಗೂ ಬಂದವು. 1924ರಲ್ಲಿ ನತಾಶಾ ಸಿವೆರ್ತ್ಸೆವಾ ಎಂಬ ತಳಿವಿಜ್ಞಾನಿಯನ್ನು ಮದುವೆಯಾಗಿ ಲೆನಿನ್‌ಗ್ರಾಡಿಗೆ, ಫಿಲಿಪ್ಚೆಂಕೊ ಅವರ ವಿಭಾಗಕ್ಕೆ ಹೋದರು. 1927ರ ಡಿಸೆಂಬರಿನಲ್ಲಿ ರಾಕ್‌ಫೆಲರ್ ಹಣದ ಫೆಲೋಶಿಪ್ ಹಿಡಿದು ಗಂಡ ಹೆಂಡತಿ ನ್ಯೂಯಾರ್ಕಿನಲ್ಲಿ ಇಳಿದರು. ಸ್ವಲ್ಪ ಕಾಲದ ಮಟ್ಟಿಗೆಂದು ಹೋದವರು ಮತ್ತೆ ಆ ದೇಶವನ್ನು ನೋಡಲೇ ಇಲ್ಲ.

ಹೋಗಿ ಸೇರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ನರ ಪ್ರಯೋಗಾಲಯ. ಜಗತ್ತಿನ ತಳಿವಿಜ್ಞಾನದ ಕಾಶಿ ಎಂದು ಭಾವಿಸಿದ್ದ ಆ ನೊಣದ ಕೋಣೆ ಇಕ್ಕಟ್ಟಾಗಿ, ಕೊಳಕಾಗಿ, ಜಿರಳೆ ತುಂಬಿಕೊಂಡಿತ್ತಂತೆ. ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು, ಬಾಳೆಹಣ್ಣಿನ ಮೇಲೆ ನೊಣ. ಜೀನ್‌ಗಳು ಕ್ರೋಮೋಸೋಮಿನ ಮೇಲೆ ಸಾಲಾಗಿ ಕೂತಿವೆ ಎಂದು ಜಗತ್ತಿಗೆ ತೋರಿಸಿದ್ದು ಇದೇ ಕೋಣೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಈ ಕೋಣೆಯ ಅತ್ಯುತ್ತಮ ವರ್ಷಗಳಲ್ಲಿ, 1913ರಿಂದ 1916ರವರೆಗೆ, ಅದೇ ಕ್ಯಾಂಪಸ್ಸಿನಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ವಿದ್ಯಾರ್ಥಿ ಓದುತ್ತಿದ್ದರು. 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಮಂಡಿಸಿದ ಪ್ರಬಂಧದ ತಿರುಳು, ಜಾತಿಯ ಜೀವ ಇರುವುದು ಒಳಮದುವೆಯಲ್ಲಿ ಎಂಬುದು. ಒಂದು ಕಟ್ಟಡದಲ್ಲಿ ನೊಣಗಳ ಸಂಬಂಧ ಲೆಕ್ಕ ಹಾಕುತ್ತಿದ್ದರು, ಇನ್ನೊಂದು ಕಡೆ ಮನುಷ್ಯರ ಸಂಬಂಧಕ್ಕೆ ಬೇಲಿ ಹಾಕುವ ವ್ಯವಸ್ಥೆಯ ಲೆಕ್ಕ ನಡೆದಿತ್ತು. ಡೊಬ್ಜಾನ್ಸ್ಕಿ ಅಲ್ಲಿಗೆ ಬಂದದ್ದು ಹನ್ನೊಂದು ವರ್ಷ ತಡವಾಗಿ. ಇಬ್ಬರ ದಾರಿಗಳು ಬೇರೆಯಾದರೂ ಕೊನೆಗೆ ಒಂದೇ ಕಡೆ ಬಂದು ಮುಟ್ಟುತ್ತವೆ, ಅಲ್ಲಿಗೆ ಆಮೇಲೆ ಬರುತ್ತೇನೆ.

1928ರಲ್ಲಿ ಮಾರ್ಗನ್ ತಮ್ಮ ತಂಡವನ್ನು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ಗೆ ಸಾಗಿಸಿದರು. ಅಲ್ಲಿ ಡೊಬ್ಜಾನ್ಸ್ಕಿ ಮಾಡಿದ ದೊಡ್ಡ ಕೆಲಸ ಅಂದರೆ ಪ್ರಯೋಗಾಲಯದ ಬಾಗಿಲು ತೆರೆದು ಹೊರಗೆ ನಡೆದದ್ದು. ಬಾಟಲಿಯಲ್ಲಿ ಸಾಕಿದ ನೊಣ ಸಾಕು, ಕಾಡಿನ ನೊಣ ಹೇಗಿದೆ ನೋಡೋಣ ಎಂದು ಬೆಟ್ಟ, ಮರುಭೂಮಿ ಸುತ್ತಿದರು. ಹುಳಿ ಬಂದ ಹಣ್ಣಿಟ್ಟು ನೊಣ ಹಿಡಿದು, ಅವುಗಳ ಮರಿಹುಳದ ಜೊಲ್ಲುಗ್ರಂಥಿಯಲ್ಲಿರುವ ದಪ್ಪ ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದರು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುವ ನೊಣಗಳ ಒಳಗೆ ವಿಪರೀತ ವೈವಿಧ್ಯ ಇತ್ತು. ಬೆಟ್ಟದ ಬುಡಕ್ಕೊಂದು, ತುದಿಗೊಂದು, ವಸಂತಕ್ಕೊಂದು, ಬೇಸಿಗೆಗೊಂದು ಎಂಬಂತೆ ಕ್ರೋಮೋಸೋಮಿನ ಜೋಡಣೆಗಳ ಪ್ರಮಾಣ ಬದಲಾಗುತ್ತಿತ್ತು. ಶುದ್ಧ ತಳಿ ಅನ್ನುವುದು ಪ್ರಯೋಗಾಲಯದಲ್ಲಿ ಮನುಷ್ಯ ಕಷ್ಟಪಟ್ಟು ಮಾಡುವ ವಸ್ತು, ಕಾಡಿನಲ್ಲಿ ಅದು ಸಿಗುವುದಿಲ್ಲ. 1936ರಲ್ಲಿ ಕೊಲಂಬಿಯಾದಲ್ಲಿ ಕೊಟ್ಟ ಉಪನ್ಯಾಸಗಳು 1937ರಲ್ಲಿ ಪುಸ್ತಕವಾದವು. ತಳಿವಿಜ್ಞಾನ ಮತ್ತು ಪ್ರಭೇದಗಳ ಉಗಮದ ಬಗ್ಗೆ ಬರೆದ ಆ ಪುಸ್ತಕದಿಂದ ವಿಕಾಸವಾದದ ಆಧುನಿಕ ರೂಪ ಶುರುವಾಗುತ್ತದೆ ಎಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಅದೇ ವರ್ಷ ಅವರು ಅಮೆರಿಕದ ಪ್ರಜೆಯಾದರು.

ಹಿಂದೆ ಬಿಟ್ಟು ಬಂದ ಊರಿನಲ್ಲಿ ಅಷ್ಟರಲ್ಲಿ ಲೈಸೆಂಕೊ ಎದ್ದಿದ್ದ. ಜೀನ್ ಅನ್ನುವುದೇ ಬೂರ್ಜ್ವಾ ಕಟ್ಟುಕತೆ, ಬೆಳೆಯನ್ನು ಬೇಕಾದಂತೆ ತರಬೇತು ಮಾಡಬಹುದು ಎಂದು ಹೇಳಿ ಸ್ಟಾಲಿನ್ನನ ಕೃಪೆ ಗಳಿಸಿದ ಮನುಷ್ಯ. ಡೊಬ್ಜಾನ್ಸ್ಕಿಗೆ ಬೇಕಾದವರಾಗಿದ್ದ ನಿಕೊಲಾಯ್ ವಾವಿಲೋವ್, ಜಗತ್ತಿನಾದ್ಯಂತ ತಿರುಗಿ ಬೀಜ ಸಂಗ್ರಹಿಸಿದ ಸಸ್ಯವಿಜ್ಞಾನಿ, 1940ರಲ್ಲಿ ಬಂಧಿತರಾಗಿ 1943ರಲ್ಲಿ ಸಾರಾತೊವ್ ಜೈಲಿನಲ್ಲಿ ಸತ್ತರು. ಡೊಬ್ಜಾನ್ಸ್ಕಿ ಮಾಡಿದ ಪ್ರತಿಭಟನೆ ವಿಚಿತ್ರ. ಲೈಸೆಂಕೊನ ಪುಸ್ತಕವನ್ನು ತಾವೇ ಕೂತು ಇಂಗ್ಲಿಷಿಗೆ ಅನುವಾದಿಸಿ 1946ರಲ್ಲಿ ಪ್ರಕಟಿಸಿದರು. ಬೈಯುವುದಕ್ಕಿಂತ ಓದಿಸುವುದೇ ವಾಸಿ, ಓದಿದವರಿಗೆ ಪೊಳ್ಳು ತಾನಾಗಿ ಗೊತ್ತಾಗುತ್ತದೆ ಎಂಬ ಲೆಕ್ಕ. ಟ್ವಿಟರ್ ಕಾಲದ ನಾವು ಇದನ್ನು ಮಾಡುವುದು ಕಷ್ಟ ಬಿಡಿ.

ಹೆಣ್ಣುಮಕ್ಕಳೇ ಹುಟ್ಟುವ ಮನೆ

1936ರಲ್ಲಿ ಡೊಬ್ಜಾನ್ಸ್ಕಿ ಮತ್ತು ಆಲ್ಫ್ರೆಡ್ ಸ್ಟರ್ಟೆವಂಟ್ ಒಂದು ಪ್ರಬಂಧ ಬರೆದಿದ್ದರು. ಡ್ರೊಸೊಫಿಲಾ ಸ್ಯೂಡೊಆಬ್ಸ್‌ಕ್ಯೂರಾ ಎಂಬ ಕಾಡುನೊಣದಲ್ಲಿ ಕೆಲವು ಗಂಡುಗಳಿಗೆ ಹುಟ್ಟುವ ಮಕ್ಕಳೆಲ್ಲ ಹೆಚ್ಚುಕಡಿಮೆ ಹೆಣ್ಣೇ. ಕಾರಣ ಆ ಗಂಡಿನ ಎಕ್ಸ್ ಕ್ರೋಮೋಸೋಮ್. ವೀರ್ಯಾಣು ತಯಾರಾಗುವಾಗ ಅದು ಮೋಸ ಮಾಡಿ, ಗಂಡುಮಗು ಹುಟ್ಟಿಸಬೇಕಾದ ವೈ ಪಾಲನ್ನು ಹಾಳು ಮಾಡುತ್ತದೆ. ಇಲ್ಲಿ ದೋಷ ಅಪ್ಪನದು, ಇರುವುದು ಜೀನ್‌ನಲ್ಲಿ. ಹೀಗೆ ಆ ಕತೆ ಮುಗಿಯಿತು ಎಂದುಕೊಂಡಿದ್ದರು. ನಂತರ ಬ್ರೆಜಿಲ್ ಬಂತು.

1943ರಲ್ಲಿ ಮೊದಲ ಬಾರಿ ಬ್ರೆಜಿಲಿಗೆ ಹೋದ ಡೊಬ್ಜಾನ್ಸ್ಕಿ ಮತ್ತೆ ಮತ್ತೆ ಹೋದರು. ಸಾವೊ ಪಾಲೊದ ಆಂದ್ರೆ ಡ್ರೇಫಸ್, ಕ್ರೊಡೊವಾಲ್ಡೊ ಪಾವನ್, ಬ್ರಿಟೊ ಡ ಕುನ್ಯಾ, ರಿಯೊದ ಚಾನಾ ಮಲೊಗೊಲೊವ್ಕಿನ್, ಹೀಗೆ ಒಂದು ಇಡೀ ಪೀಳಿಗೆ ಅವರ ಸುತ್ತ ಬೆಳೆಯಿತು. ಉಷ್ಣವಲಯದ ಕಾಡು, ವರ್ಷವಿಡೀ ಬೀಳುವ ಹಣ್ಣು, ನಮ್ಮ ಘಟ್ಟದ ಬುಡದಂಥ ಮಳೆ. ಅಲ್ಲಿ ವಿಲ್ಲಿಸ್ಟೋನಿ ಎಂಬ ನೊಣದ ಸುತ್ತ ಅವಳಿಜವಳಿಯಂತೆ ಕಾಣುವ ಪ್ರಭೇದಗಳ ಒಂದು ಕುಟುಂಬವೇ ಇತ್ತು. ಇವುಗಳಲ್ಲೂ ಹೆಣ್ಣುಗಳನ್ನಷ್ಟೇ ಹೆರುವ ತಾಯಂದಿರು ಸಿಕ್ಕರು. ಲಕ್ಷಣ ಹಳೆಯದೇ, ನಡೆಯುವ ರೀತಿ ಬೇರೆ. ಹೆಣ್ಣುಮಕ್ಕಳನ್ನಷ್ಟೇ ಹೆತ್ತ ತಾಯಿಯ ಹೆಣ್ಣುಮಕ್ಕಳೂ ಹೆಣ್ಣುಗಳನ್ನಷ್ಟೇ ಹೆರುತ್ತಿದ್ದವು. ಯಾವ ಗಂಡಿನ ಜತೆ ಕೂಡಿಸಿದರೂ ಅದೇ ಫಲಿತಾಂಶ. ಅಪ್ಪನ ಕ್ರೋಮೋಸೋಮಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಇಟ್ಟ ಮೊಟ್ಟೆಗಳಲ್ಲಿ ಸುಮಾರು ಅರ್ಧ ಒಡೆಯುತ್ತಲೇ ಇರಲಿಲ್ಲ. ಗಂಡು ಭ್ರೂಣಗಳು ಮೊಟ್ಟೆಯೊಳಗೇ ಸಾಯುತ್ತಿದ್ದವು.

1957ರಲ್ಲಿ ಮಲೊಗೊಲೊವ್ಕಿನ್ ಮತ್ತು ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಪೌಲ್ಸನ್ ನಿರ್ಣಾಯಕ ಪ್ರಯೋಗ ಪ್ರಕಟಿಸಿದರು. ಇಂಥ ತಾಯಿಯ ಮೊಟ್ಟೆಯ ರಸವನ್ನು ಸಾಧಾರಣ ಹೆಣ್ಣುನೊಣಕ್ಕೆ ಚುಚ್ಚಿದರೆ ಅದೂ ಹೆಣ್ಣುಗಳನ್ನಷ್ಟೇ ಹೆರತೊಡಗುತ್ತಿತ್ತು, ಅದರ ಮಗಳೂ, ಮೊಮ್ಮಗಳೂ. ಅಂದರೆ ವಂಶದಲ್ಲಿ ಬಂದದ್ದು ಒಂದು ಸೋಂಕು. 1961ರಲ್ಲಿ ಪೌಲ್ಸನ್ ಮತ್ತು ಸಕಗುಚಿ ಆ ನೊಣಗಳ ದೇಹದ್ರವದಲ್ಲಿ ತಿರುಪಿನಂಥ ಸಣ್ಣ ಜೀವಿಗಳನ್ನು ಕಂಡರು. ಇವತ್ತು ನಾವು ಅದನ್ನು ಸ್ಪೈರೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಎಂದು ಗುರುತಿಸುತ್ತೇವೆ, ಪೌಲ್ಸನ್ನರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅದು ಗಂಡುಗಳನ್ನು ಕೊಲ್ಲುವ ಆಯುಧ ಯಾವುದು ಎಂಬುದು ತಿಳಿಯಲು 2018ರವರೆಗೆ ಕಾಯಬೇಕಾಯಿತು. ಸ್ಪೇಯ್ಡ್ ಎಂಬ ಒಂದು ಪ್ರೊಟೀನ್. ಗಂಡುನೊಣದಲ್ಲಿ ಒಂದೇ ಎಕ್ಸ್ ಇರುವುದರಿಂದ ಅದನ್ನು ದುಪ್ಪಟ್ಟು ಕೆಲಸ ಮಾಡಿಸುವ ಯಂತ್ರವೊಂದು ಜೀವಕೋಶದಲ್ಲಿರುತ್ತದೆ, ಈ ಪ್ರೊಟೀನ್ ಸರಿಯಾಗಿ ಆ ಯಂತ್ರವಿದ್ದಲ್ಲಿಗೇ ಹೋಗಿ ಕೂರುತ್ತದೆ. ಹೆಣ್ಣಿನಲ್ಲಿ ಆ ಯಂತ್ರವೇ ನಡೆಯುವುದಿಲ್ಲ, ಅದು ಬಚಾವು.

ಬ್ಯಾಕ್ಟೀರಿಯಾಕ್ಕೆ ಗಂಡಿನ ಮೇಲೆ ಯಾಕಿಷ್ಟು ದ್ವೇಷ? ದ್ವೇಷವಲ್ಲ, ಲೆಕ್ಕಾಚಾರ. ಮೊಟ್ಟೆ ದೊಡ್ಡದು, ಅದರೊಳಗೆ ರಸವಿದೆ, ಬ್ಯಾಕ್ಟೀರಿಯಾ ಅದರಲ್ಲಿ ಕೂತು ಮುಂದಿನ ತಲೆಮಾರಿಗೆ ಪ್ರಯಾಣಿಸಬಹುದು. ವೀರ್ಯಾಣುವಿನಲ್ಲಿ ಆ ಜಾಗವಿಲ್ಲ. ಗಂಡಿನ ದೇಹ ಹೊಕ್ಕ ಬ್ಯಾಕ್ಟೀರಿಯಾಕ್ಕೆ ಅದು ಕೊನೆಯ ಸ್ಟಾಪ್. ಗಂಡು ಸತ್ತರೆ ಅದಕ್ಕೆ ನಷ್ಟವಿಲ್ಲ, ಹೊಟ್ಟೆಗೆ ಪೈಪೋಟಿ ಕಡಿಮೆಯಾದ ಅಕ್ಕತಂಗಿಯರಿಗೆ ಲಾಭ, ಆ ಅಕ್ಕತಂಗಿಯರೊಳಗೆ ಅದೇ ಬ್ಯಾಕ್ಟೀರಿಯಾ ಇದೆ.

ಗಂಡು ಹುಟ್ಟದಿರಲು ನೊಣದಲ್ಲಿ ಕೆಲವೊಮ್ಮೆ ಅಪ್ಪ ಕಾರಣ, ಕೆಲವೊಮ್ಮೆ ಅಮ್ಮನಿಂದ ಬಂದ ಸೋಂಕು. ಮನುಷ್ಯನಲ್ಲಿ ಎಕ್ಸ್ ಬರುವುದೋ ವೈ ಬರುವುದೋ ಎಂಬುದು ಪೂರ್ತಿ ಅಪ್ಪನ ವೀರ್ಯಾಣುವಿನ ವಿಷಯ. ಇದು ಹೈಸ್ಕೂಲ್ ಪಾಠ. ಆದರೂ 2023ರ ಕೊನೆಯಲ್ಲಿ ಮಂಡ್ಯ, ಮೈಸೂರು ಕಡೆಯ ಭ್ರೂಣಲಿಂಗ ಪತ್ತೆ ಜಾಲ ಸಿಕ್ಕಿಬಿದ್ದಾಗ ಕ್ಯಾಮೆರಾಗಳು ಹುಡುಕಿಕೊಂಡು ಹೋದದ್ದು ಹೆಂಗಸರನ್ನು.

ಒಳಗೆ ಕೂತವನ ಪಾಲು

ಡೊಬ್ಜಾನ್ಸ್ಕಿಗೆ ಬಹಳ ಇಷ್ಟವಾದ ಬ್ರೆಜಿಲಿನ ನೊಣ ಪಾಲಿಸ್ಟೋರಮ್. ಸಾವೊ ಪಾಲೊದವರ ಹೆಸರಿನ ಮೇಲೆ ಅವರು ಮತ್ತು ಪಾವನ್ ಇಟ್ಟ ಹೆಸರು. ಮಧ್ಯ ಅಮೆರಿಕದಿಂದ ಬ್ರೆಜಿಲಿನವರೆಗೆ ಹರಡಿದ ಇದರಲ್ಲಿ ಹಲವು ಉಪಗುಂಪುಗಳು. ನೋಡಲು ಎಲ್ಲವೂ ಒಂದೇ. ಆದರೆ ಒಂದು ಗುಂಪಿನದು ಇನ್ನೊಂದರ ಜತೆ ಸುಲಭಕ್ಕೆ ಕೂಡುವುದಿಲ್ಲ, ಕೂಡಿಸಿದರೂ ಹುಟ್ಟುವ ಗಂಡುಮಕ್ಕಳು ಬಂಜೆ, ಹೆಣ್ಣುಗಳಿಗೆ ಮಾತ್ರ ತೊಂದರೆಯಿಲ್ಲ. ಮಿಶ್ರತಳಿಯಲ್ಲಿ ಕೆಡುವುದಿದ್ದರೆ ಮೊದಲು ಕೆಡುವುದು ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮಿರುವ ಲಿಂಗವೇ ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲೇ ಗಮನಿಸಿದ್ದರು. ಮುಂದೆ ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. 1959ರಲ್ಲಿ ಡೊಬ್ಜಾನ್ಸ್ಕಿ ಮತ್ತು ಬೋರಿಸ್ ಸ್ಪಾಸ್ಕಿ, ಇದು ಹುಟ್ಟುತ್ತಿರುವ ಹಂತದಲ್ಲೇ ಸಿಕ್ಕಿಬಿದ್ದ ಪ್ರಭೇದಗಳ ಗೊಂಚಲು ಎಂದು ಬರೆದರು. ಒಂದು ಎರಡಾಗುವುದನ್ನು ಕಣ್ಣಾರೆ ಕಾಣುವುದು ಪ್ರಭೇದಗಳ ಉಗಮದ ಬಗ್ಗೆ ಪುಸ್ತಕ ಬರೆದವರಿಗೆ ಎಂಥ ಭಾಗ್ಯ ನೋಡಿ.

ಅದಕ್ಕಿಂತ ದೊಡ್ಡ ಭಾಗ್ಯ ಪ್ರಯೋಗಾಲಯದಲ್ಲೇ ಕಾದಿತ್ತು. 1958ರಲ್ಲಿ ಕೊಲಂಬಿಯಾ ದೇಶದ ಲ್ಯಾನೋಸ್ ಹುಲ್ಲುಗಾವಲಿನಲ್ಲಿ ಹಿಡಿದ ಒಂದು ತಳಿ ಮೊದಮೊದಲು ಒರಿನೋಕೊ ಗುಂಪಿನ ಜತೆ ಕೂಡಿ ಆರೋಗ್ಯವಂತ ಗಂಡುಮಕ್ಕಳನ್ನೇ ಕೊಡುತ್ತಿತ್ತು. 1963ರ ಹೊತ್ತಿಗೆ ಅದೇ ಜೋಡಿಯ ಗಂಡುಮಕ್ಕಳು ಬಂಜೆಯಾಗತೊಡಗಿದವು. ಬಾಟಲಿಯೊಳಗೆ ಐದು ವರ್ಷದಲ್ಲಿ ಬೇಲಿಯೊಂದು ಎದ್ದಿತ್ತು. ಡೊಬ್ಜಾನ್ಸ್ಕಿ ಮತ್ತು ಓಲ್ಗಾ ಪಾವ್ಲೋವ್ಸ್ಕಿ 1966ರಲ್ಲಿ ಇದನ್ನು ವರದಿ ಮಾಡಿದರು, 1971ರಲ್ಲಿ ನೇಚರ್ ಪತ್ರಿಕೆಯಲ್ಲಿ ಮುಂದುವರಿದ ಕತೆ ಬಂತು. ಪ್ರಯೋಗದಲ್ಲಿ ಹೊಸ ಪ್ರಭೇದದ ಮೊಳಕೆ ಎಂದು ಸುದ್ದಿಯಾಯಿತು.

ಆದರೆ ಅವರದೇ ಶಿಷ್ಯೆ ಲೀ ಎರ್ಮನ್ ಇನ್ನೊಂದು ಕಡೆಯಿಂದ ಅಗೆಯುತ್ತಿದ್ದರು. ಪಾಲಿಸ್ಟೋರಮ್ ಮಿಶ್ರತಳಿಯ ಬಂಜೆತನದ ಮೇಲೆಯೇ ಕೊಲಂಬಿಯಾದಲ್ಲಿ ಪಿಎಚ್‌ಡಿ ಮಾಡಿದವರು ಅವರು. ಬಂಜೆತನ ಬರೀ ಕ್ರೋಮೋಸೋಮಿನ ಲೆಕ್ಕಕ್ಕೆ ಕೂರುತ್ತಿರಲಿಲ್ಲ, ಮೊಟ್ಟೆಯ ರಸದ ಪಾತ್ರ ಎದ್ದು ಕಾಣುತ್ತಿತ್ತು. 1968ರಲ್ಲಿ ಆ್ಯಂಟಿಬಯೋಟಿಕ್ ಪ್ರಯೋಗ ಪ್ರಕಟಿಸಿದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಂಜೆ ಗಂಡುಗಳ ವೃಷಣದೊಳಗೆ ಬ್ಯಾಕ್ಟೀರಿಯಾದಂಥ ಕಾಯಗಳು ಕಂಡವು. ಅವು ಯಾವುವು ಎಂಬ ಬಗ್ಗೆ ದಶಕಗಟ್ಟಲೆ ಗೊಂದಲವಿತ್ತು. 2010ರಲ್ಲಿ ವಿಯೆನ್ನಾದ ವೋಲ್ಫ್‌ಗಾಂಗ್ ಮಿಲ್ಲರ್, ಎರ್ಮನ್ ಮತ್ತು ಡಾನಿಯೆಲಾ ಶ್ನೈಡರ್ ಸೇರಿ ಅದಕ್ಕೆ ಹೆಸರು ಕೊಟ್ಟರು. ವೊಲ್ಬಾಕಿಯಾ. ತನ್ನ ಸ್ವಂತ ಗುಂಪಿನ ನೊಣದಲ್ಲಿ ಅದು ಉಪಕಾರಿ, ಅದಿಲ್ಲದಿದ್ದರೆ ನೊಣಕ್ಕೇ ಬದುಕು ಕಷ್ಟ. ಬೇರೆ ಗುಂಪಿನ ಜತೆಗಿನ ಮಿಶ್ರಸಂತಾನದಲ್ಲಿ ಮಾತ್ರ ಹದ್ದು ಮೀರಿ ಬೆಳೆದು ಭ್ರೂಣವನ್ನು ಕೊಲ್ಲುತ್ತದೆ, ಉಳಿದ ಗಂಡುಗಳನ್ನು ಬಂಜೆ ಮಾಡುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟು ಅದನ್ನು ತಗ್ಗಿಸಿದರೆ ಹೆಣ್ಣುಗಳು ಸಂಗಾತಿ ಆರಿಸುವ ರೀತಿಯೂ ಬದಲಾಗುತ್ತದೆ. ಅಂದರೆ ಡೊಬ್ಜಾನ್ಸ್ಕಿ ಕಂಡ ಬೇಲಿಯಲ್ಲಿ ಒಳಗೆ ಬಾಡಿಗೆಗೆ ಕೂತವನ ಪಾಲು ಸಣ್ಣದಲ್ಲ.

ಕೋಡ್ ಬರೆದು ಬದುಕಿದ ಎರಡು ವರ್ಷಗಳಲ್ಲಿ ನನಗೆ ಇದರ ಸಣ್ಣ ಅನುಭವ ಆಗಿದೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ನೋಡಿದರೆ ದೋಷ ಇದ್ದದ್ದು ಅದು ಓಡುವ ಮಷೀನಿನಲ್ಲಿ. ಇದರಿಂದ ಡೊಬ್ಜಾನ್ಸ್ಕಿ ಸಣ್ಣವರಾಗುತ್ತಾರೆ ಎಂದು ನನಗನ್ನಿಸುವುದಿಲ್ಲ. ಮಲೊಗೊಲೊವ್ಕಿನ್ ಅವರ ಬ್ರೆಜಿಲ್ ಬಳಗದವರು, ಎರ್ಮನ್ ಅವರ ಶಿಷ್ಯೆ. ಜೀನ್ ಒಂದೇ ಎಲ್ಲವನ್ನೂ ವಿವರಿಸುವುದಿಲ್ಲ ಎಂಬ ಪತ್ತೆಯ ಎರಡು ಎಳೆಗಳೂ ಜೀನ್‌ನ ದೊಡ್ಡ ಪಂಡಿತರ ಆಸುಪಾಸಿನಿಂದಲೇ ಹೊರಟವು.

ವೊಲ್ಬಾಕಿಯಾದ ಬಗ್ಗೆ ಇನ್ನು ಸ್ವಲ್ಪ. ಇದನ್ನು 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಸೊಳ್ಳೆಯಲ್ಲಿ ಕಂಡರು. ಈಗಿನ ಅಂದಾಜಿನ ಪ್ರಕಾರ ಕೀಟ ಪ್ರಭ‍ೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದು ಇದೆ. ಇದರ ಹೆಚ್ಚು ಹೆಸರಾದ ತಂತ್ರ ಗಂಡುಗಳನ್ನು ಕೊಲ್ಲುವುದಲ್ಲ. ಸೋಂಕಿರುವ ಗಂಡು ಸೋಂಕಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆಗಳು ಸಾಯುತ್ತವೆ, ಸೋಂಕಿರುವ ಹೆಣ್ಣನ್ನು ಕೂಡಿದರೆ ಏನೂ ಆಗುವುದಿಲ್ಲ. ವೀರ್ಯಾಣುವಿನ ಜತೆ ವಿಷ, ಸೋಂಕಿತ ತಾಯಿಯ ಮೊಟ್ಟೆಯಲ್ಲಿ ಮಾತ್ರ ಅದಕ್ಕೆ ಮದ್ದು ಎಂದು ಹೆಚ್ಚಿನವರು ವಿವರಿಸುತ್ತಾರೆ, ಇದಕ್ಕೆ ಕಾರಣವಾದ ಎರಡು ಜೀನ್‌ಗಳು 2017ರಲ್ಲಿ ಸಿಕ್ಕಿವೆ. ಪರಿಣಾಮ ಏನೆಂದರೆ ಸೋಂಕಿಲ್ಲದ ಹೆಣ್ಣುಗಳ ವಂಶ ತಗ್ಗುತ್ತ ಹೋಗಿ ಸೋಂಕೇ ಊರಿಡೀ ಗೆಲ್ಲುತ್ತದೆ. ಡ್ರೊಸೊಫಿಲಾ ಸಿಮ್ಯುಲನ್ಸ್ ನೊಣದಲ್ಲಿ ಇದು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದೊಳಗೆ ವರ್ಷಕ್ಕೆ ಸುಮಾರು 100 ಕಿಲೋಮೀಟರಿನಂತೆ ಹಬ್ಬಿದ್ದನ್ನು ದಾಖಲಿಸಿದ್ದಾರೆ.

ಇದು ದೂರದ ಮಾತಲ್ಲ. ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ 1980ರಿಂದ ಕಾಟ ಕೊಡುತ್ತಿರುವ ಊಜಿ ನೊಣದೊಳಗೂ ವೊಲ್ಬಾಕಿಯಾ ಇದೆ, ಅದನ್ನು ತೆಗೆದರೆ ಊಜಿಯ ಸಂತಾನಕ್ಕೆ ಪೆಟ್ಟು ಬೀಳುತ್ತದೆ ಎಂದು ಬೆಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಆರ್. ರಾಜಶೇಖರ ಸೆಟ್ಟಿ ಅವರು ಕಟ್ಟಿದ ಡ್ರೊಸೊಫಿಲಾ ಪರಂಪರೆ ಇದೆ, ಅಲ್ಲಿನವರು ಹೆಸರಿಟ್ಟ ನೊಣಗಳಲ್ಲಿ ಮೈಸೂರೆನ್ಸಿಸ್ ಎಂಬುದೂ ಒಂದು. ಇನ್ನು ಡೆಂಗಿ. ಹಣ್ಣಿನ ನೊಣದ ವೊಲ್ಬಾಕಿಯಾವನ್ನು ಈಡಿಸ್ ಈಜಿಪ್ಟೈ ಸೊಳ್ಳೆಗೆ ದಾಟಿಸಿದರೆ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟರು, ಇಂಡೋನೇಷ್ಯಾದ ಯೋಗ್ಯಕರ್ತಾದ ಪ್ರಯೋಗದಲ್ಲಿ ಡೆಂಗಿ 77% ತಗ್ಗಿತು, ಪುದುಚೇರಿಯ ಐಸಿಎಂಆರ್ ಕೇಂದ್ರವೂ ಭಾರತದ ತಳಿ ಸಿದ್ಧಪಡಿಸಿದೆ. ಆದರೆ ಪುತ್ತೂರು, ಸುಳ್ಯ, ಕಡಬದ ನಮಗೆ ಒಂದು ಎಚ್ಚರ ಬೇಕು. ರಬ್ಬರ್ ತೋಟದ ಚಿಪ್ಪಿನಲ್ಲಿ, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿಗೆ ಬರುವ ಈಡಿಸ್ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಸೊಳ್ಳೆಯಲ್ಲಿ ಹುಟ್ಟಿನಿಂದಲೇ ವೊಲ್ಬಾಕಿಯಾ ಇದೆ, ಇದ್ದರೂ ಅದು ಡೆಂಗಿ ಹರಡುತ್ತದೆ. ಪೇಟೆಯ ಮಂತ್ರ ತೋಟಕ್ಕೆ ಹಾಗೆಯೇ ಹತ್ತಲಿಕ್ಕಿಲ್ಲ. ಚಿಪ್ಪು ಕವುಚಿ ಹಾಕುವ ಕೆಲಸ ತಪ್ಪುವುದಿಲ್ಲ.

ಮನುಷ್ಯರ ಬಾಟಲಿ

ಇಷ್ಟು ನೊಣ ನೋಡಿದ ಡೊಬ್ಜಾನ್ಸ್ಕಿ ಮನುಷ್ಯರ ಬಗ್ಗೆ ಏನಂದರು? ಸುಮ್ಮನಿರಲಿಲ್ಲ ಎಂಬುದೇ ಮುಖ್ಯ. 1946ರಲ್ಲಿ ಎಲ್.ಸಿ. ಡನ್ ಜತೆ ಸೇರಿ ವಂಶ, ಜನಾಂಗ ಮತ್ತು ಸಮಾಜದ ಬಗ್ಗೆ ಜನಸಾಮಾನ್ಯರಿಗೆ ಅಗ್ಗದ ಪುಸ್ತಕ ಬರೆದರು. ನಾಜಿಗಳ ಜನಾಂಗಶಾಸ್ತ್ರದ ಹೆಣ ಇನ್ನೂ ಬಿಸಿಯಿದ್ದ ಕಾಲ. 1950ರ ಸುಮಾರಿಗೆ ಯುನೆಸ್ಕೋ ಹೊರಡಿಸಿದ ಜನಾಂಗ ಕುರಿತ ಹೇಳಿಕೆಗಳನ್ನು ತಿದ್ದಿ ರೂಪಿಸಿದವರಲ್ಲಿ ಅವರೂ ಇದ್ದರು. 1962ರ ಮತ್ತು 1973ರ ಪುಸ್ತಕಗಳಲ್ಲಿ ಅವರು ಮತ್ತೆ ಮತ್ತೆ ಹೇಳಿದ್ದು, ಜನರು ಬೇರೆ ಬೇರೆಯಾಗಿರುವುದು ಜೀವಶಾಸ್ತ್ರದ ಸಂಗತಿ, ಸಮಾನರಾಗಿರುವುದು ನೀತಿಯ ಸಂಗತಿ, ಒಂದರಿಂದ ಇನ್ನೊಂದನ್ನು ಕಳೆಯುವಂತಿಲ್ಲ ಎಂಬುದು. ಎಲ್ಲರೂ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಸಮಾನ ಅವಕಾಶ ಅನ್ನುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಭಾರತದ ಜಾತಿ ಪದ್ಧತಿಯನ್ನು ಅವರು ಒಬ್ಬ ಪ್ರಯೋಗಶೀಲನ ಕಣ್ಣಿನಿಂದ ನೋಡಿದರು. ಮನುಷ್ಯಕುಲದ ಮೇಲೆ ನಡೆದ ಅತಿ ದೊಡ್ಡ ತಳಿ ಪ್ರಯೋಗ ಇದು. ಒಂದೊಂದು ಗುಂಪಿಗೆ ಒಂದೊಂದು ಕಸುಬು ಹಚ್ಚಿ, ಹೊರಗೆ ಮದುವೆಯಾಗದಂತೆ ತಡೆದು, ಎಷ್ಟೋ ತಲೆಮಾರು ನಡೆಸಿದ್ದಾರೆ. ಕಸುಬಿಗೆ ತಕ್ಕ ತಳಿ ತಯಾರಾಗುವುದಿದ್ದರೆ ಇಷ್ಟರಲ್ಲಿ ಆಗಬೇಕಿತ್ತು. ಆಗಲಿಲ್ಲ. ಅವಕಾಶ ಸಿಕ್ಕ ಕಡೆಯೆಲ್ಲ ಯಾವ ಜಾತಿಯಿಂದಲೂ ಯಾವ ಕಸುಬಿಗೂ ಬೇಕಾದ ಸಾಮರ್ಥ್ಯದ ಜನ ಬಂದಿದ್ದಾರೆ. ಪ್ರಯೋಗ ಸೋತಿದೆ ಎಂಬುದು ಅವರ ತೀರ್ಮಾನದ ಸಾರ. ಡೊಬ್ಜಾನ್ಸ್ಕಿ ಕೊಲಂಬಿಯಾದಲ್ಲಿ ಉಪನ್ಯಾಸ ಕೊಟ್ಟ ಅದೇ 1936ರಲ್ಲಿ ಅಂಬೇಡ್ಕರರ ಜಾತಿ ವಿನಾಶದ ಪುಸ್ತಕ ಬಂದಿತ್ತು, ಅದರಲ್ಲಿ ಜಾತಿಗೆ ತಳಿಶುದ್ಧಿಯ ಸಮರ್ಥನೆ ಕೊಡುವವರಿಗೆ ನೇರ ಉತ್ತರವಿದೆ, ಪರಿಹಾರವಾಗಿ ಅಂತರ್ಜಾತಿ ಮದುವೆಯ ಸೂಚನೆಯೂ ಇದೆ. ನನ್ನ ಮಟ್ಟಿಗೆ ಅಂಬೇಡ್ಕರರ ಓದೇ ಹೆಚ್ಚು ಆಳವಾದದ್ದು. ಯಾಕೆಂದರೆ ಜಾತಿಯನ್ನು ಪ್ರಯೋಗ ಎಂದು ಕರೆದರೆ ಅದನ್ನು ಯಾರೋ ಸದುದ್ದೇಶದಿಂದ ಮಾಡಿ ನೋಡಿದರೇನೋ ಎಂಬ ಭಾವನೆ ಬರುತ್ತದೆ. ಪ್ರಯೋಗದ ಬಾಟಲಿಯಲ್ಲಿದ್ದವರ ಹಸಿವು, ಅವಮಾನ ಆ ಮಾತಿನಲ್ಲಿ ಕಾಣುವುದಿಲ್ಲ.

ಡೊಬ್ಜಾನ್ಸ್ಕಿ ಸಂತನೇನಲ್ಲ. ಅಮೆರಿಕದ ಯುಜೆನಿಕ್ಸ್ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ವರ್ಷಗಟ್ಟಲೆ ಇದ್ದರು, ಒಳಗಿದ್ದು ಅದನ್ನು ಬದಲಾಯಿಸುತ್ತೇನೆ ಎಂಬ ನಂಬಿಕೆ ಇದ್ದಿರಬಹುದು, ಇದ್ದದ್ದಂತೂ ನಿಜ. ಗುರುವಿನಂತಿದ್ದ ಸ್ಟರ್ಟೆವಂಟ್ ಜತೆ 1930ರ ದಶಕದಲ್ಲೇ ಕೆಟ್ಟಿತು, ಹಳೆಯ ಉಪಕಾರಿ ಮುಲ್ಲರ್ ಜತೆ ಮುಂದೆ ವರ್ಷಗಟ್ಟಲೆ ವಾದ ನಡೆಯಿತು. ಆ ವಾದದ ವಿಷಯ ಮಾತ್ರ ಸಣ್ಣದಲ್ಲ. ಒಂದು ಆದರ್ಶ ತಳಿ ಇದೆ, ಉಳಿದದ್ದೆಲ್ಲ ಅದರ ಕೆಟ್ಟ ನಕಲು ಎಂಬ ಕಡೆಗೆ ಮುಲ್ಲರ್ ವಾಲಿದರೆ, ವೈವಿಧ್ಯವೇ ಆರೋಗ್ಯ ಎಂದು ಡೊಬ್ಜಾನ್ಸ್ಕಿ ಹಟ ಹಿಡಿದರು. ಅವರ ಶಿಷ್ಯ ರಿಚರ್ಡ್ ಲೆವೊಂಟಿನ್ 1972ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಮನುಷ್ಯರೊಳಗಿನ ತಳಿ ವ್ಯತ್ಯಾಸದ ಸುಮಾರು 85% ಇರುವುದು ಒಂದೇ ಸಮುದಾಯದೊಳಗಿನ ಜನರ ನಡುವೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಕೊನೆಗೆ ಕಳಿಸಿದ್ದು ಈ ಒಂದು ಅಂಕಿಯನ್ನು. ಜತೆಗೆ ಇನ್ನೊಂದು ಮಾತು ಸೇರಿಸಿದೆ. ಪಾಲಿಸ್ಟೋರಮ್ ನೊಣಗಳ ನಡುವಿನ ಬೇಲಿಗೆ ಬ್ಯಾಕ್ಟೀರಿಯಾ ಆದರೂ ಕಾರಣವಿದೆ. ಎರಡು ಜಾತಿಯ ಮನುಷ್ಯರ ನಡುವೆ ಮಕ್ಕಳಾಗದಂತೆ ತಡೆಯುವುದು ಪ್ರಕೃತಿಯಲ್ಲಿ ಒಂದೂ ಇಲ್ಲ, ಇರುವುದು ನಾವು ಮಾತ್ರ. ಹಿರಿಯರು ಉತ್ತರಿಸಲಿಲ್ಲ. ಹುಡುಗಿಯ ಅಮ್ಮ ಒಂದು ಹಲಸಿನ ಹಣ್ಣಿನ ಚಿತ್ರ ಹಾಕಿದರು, ಅಲ್ಲಿಗೆ ಮಾತು ಬೇರೆ ಕಡೆಗೆ ಹೋಯಿತು.

1968ರಲ್ಲಿ ಡೊಬ್ಜಾನ್ಸ್ಕಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮರುವರ್ಷ ನತಾಶಾ ತೀರಿಕೊಂಡರು. ನಲವತ್ತೈದು ವರ್ಷದ ಸಂಸಾರ, ಒಬ್ಬಳೇ ಮಗಳು ಸೋಫಿ. 1971ರಲ್ಲಿ ನ್ಯೂಯಾರ್ಕ್ ಬಿಟ್ಟು, ಶಿಷ್ಯ ಫ್ರಾನ್ಸಿಸ್ಕೊ ಅಯಾಲಾ ಜತೆ ಕ್ಯಾಲಿಫೋರ್ನಿಯಾದ ಡೇವಿಸ್‌ಗೆ ಹೋದರು. ಅಲ್ಲಿಯೂ ಕೆಲಸ ನಿಲ್ಲಲಿಲ್ಲ. ಓಲ್ಗಾ ಪಾವ್ಲೋವ್ಸ್ಕಿ ಮತ್ತು ಜೆಫ್ರಿ ಪವೆಲ್ ಜತೆ ಪಾಲಿಸ್ಟೋರಮ್ ಬಾಟಲಿಗಳನ್ನೇ ಮತ್ತೆ ಹಿಡಿದರು. ಎರಡು ಗುಂಪುಗಳ ನಡುವಿನ ಬೇಲಿಯನ್ನು ತಲೆಮಾರಿನಿಂದ ತಲೆಮಾರಿಗೆ ಆಯ್ಕೆ ಮಾಡುತ್ತ ಇನ್ನಷ್ಟು ಎತ್ತರಿಸಲು ಸಾಧ್ಯವೇ ಎಂಬುದು ಪ್ರಯೋಗ. 1975ರ ಡಿಸೆಂಬರ್ 18ರಂದು ಅವರು ತೀರಿಕೊಂಡರು. ಆ ಪ್ರಬಂಧ ಅಚ್ಚಾದದ್ದು ಮರುವರ್ಷ, 1976ರಲ್ಲಿ. ಪ್ರಯತ್ನ ಭಾಗಶಃ ಮಾತ್ರ ಯಶಸ್ವಿ ಎಂದು ಅದರ ಶೀರ್ಷಿಕೆಯಲ್ಲೇ ಇದೆ.